ಸಿಡಿಯದ ಗುಂಡು

ಶನಿವಾರದಿಂದ ಆ 'ಟಿಕ್' ತಲೆಯಿಂದ ಹೋಗುತ್ತಿಲ್ಲ. ಗುಂಡು ಹಾರಿದ ಸದ್ದಲ್ಲ, ಹಾರದೇ ಇದ್ದದ್ದರ ಸದ್ದು.

ಹದಿಮೂರು ವರ್ಷ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದೆ. ಆ ವೀಸಾದವರು ಬಂದೂಕು ಹಿಡಿಯುವುದಕ್ಕೆ ಅಮೆರಿಕದ ಕಾನೂನು ಸುಮ್ನೆ ಬಿಡುವುದಿಲ್ಲ. ಬೇಟೆಯ ಲೈಸೆನ್ಸೋ ಮತ್ತೊಂದೋ ಇರಬೇಕು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡರೂ ಅದೇ ಲೆಕ್ಕ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಬೇರೆಯವರಾದರೆ ಮನೆ ಕೊಳ್ಳುತ್ತಾರೆ. ನಾನು ಆಫೀಸಿನ ಗೆಳೆಯನ ಮಾತು ಕೇಳಿ, ಡಲ್ಲಾಸ್ ಹತ್ತಿರದ ಒಂದು ರೇಂಜ್‌ನಲ್ಲಿ ಪಿಸ್ತೂಲು ಕ್ಲಾಸಿಗೆ ಹೆಸರು ಕೊಟ್ಟೆ.

ಕೋವಿ ನನಗೇನು ಹೊಸದಲ್ಲ ಅನ್ನುವ ಜಂಬ ಒಳಗೊಳಗೇ ಇತ್ತು. ನಮ್ಮದು ಕೊಪ್ಪದ ಕಡೆ. ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೋವಿಯಿದೆ. ತೋಟಕ್ಕೆ ಮಂಗ ಬಂದರೆ ಅಪ್ಪಯ್ಯ ಆಕಾಶಕ್ಕೆ ಒಂದು ಈಡು ಹೊಡೆಯುತ್ತಾರೆ, ಮುಗೀತು. ಅಲ್ಲಿ ಗುರಿಯ ಪ್ರಶ್ನೆಯೇ ಇಲ್ಲ.

ಕಲಿಸುವವರು ಅರವತ್ತು ದಾಟಿದ ಹೆಂಗಸು. ಓದುವ ಕನ್ನಡಕ ಹಣೆಯ ಮೇಲೆ. ನನ್ನ ಹೆಸರು ನಾಲಿಗೆಗೆ ಸಿಗದೆ ನೇರ ಇಂಗ್ಲಿಷಿನ 'ಹನಿ' ಅಂದರು. ಟೆಕ್ಸಸ್‌ನಲ್ಲಿ ತಿಂಡಿ ತಂದುಕೊಡುವವರೂ ಹಾಗೇ ಕರೆಯುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ.

ಮೊದಲು ಗುರಿ ಮೂರು ಗಜದಲ್ಲಿ. ಮೂರೇ ಗಜ! ಒಲೆಯಿಂದ ಊಟದ ಟೇಬಲ್‌ವರೆಗಿನ ದೂರ. ಕಾಗದದ ಮೇಲೆ ಎರಡಿಂಚಿನ ಹತ್ತು ಬೊಟ್ಟು. 50 ಗುಂಡೂ ಬೊಟ್ಟಿನ ಒಳಗೇ ಬೀಳಬೇಕು. 'ಡಾಟ್ ಟಾರ್ಚರ್' ಅನ್ನುವ ಹೆಸರು ಕೇಳಿ ನಕ್ಕೆ. ಹತ್ತನೇ ಗುಂಡಿಗೆ ನಗು ನಿಂತಿತು.

ಆಮೇಲೆ ಟೈಮರ್ ಬಂತು. ಅಂಗೈ ಅಗಲದ ಡಬ್ಬಿ. ಬಟನ್ ಒತ್ತಿದ ಮೇಲೆ ಯಾವಾಗ ಬೀಪ್ ಅನ್ನುತ್ತದೆ ಅಂತ ಗೊತ್ತಾಗುವುದಿಲ್ಲ. ಒಂದೊಂದು ಗುಂಡಿನ ಸದ್ದನ್ನೂ ಅದು ಕೇಳಿಸಿಕೊಂಡು, ಸೆಕೆಂಡಿನ ನೂರನೇ ಭಾಗದವರೆಗೆ ಲೆಕ್ಕ ಇಡುತ್ತದೆ. ಏಳು ಗಜ, ಆರು ಗುಂಡು. ಬಿಲ್ ವಿಲ್ಸನ್ ಅನ್ನುವವರ ಹೆಸರಿನಲ್ಲಿ ಇದಕ್ಕೆ 'ಬಿಲ್ ಡ್ರಿಲ್' ಅನ್ನುತ್ತಾರೆ. ಪಳಗಿದವರು ಸೊಂಟದಿಂದ ಪಿಸ್ತೂಲು ಎಳೆದು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರೆ. ನಮಗೆ ಅಷ್ಟು ಸ್ವಾತಂತ್ರ್ಯ ಇಲ್ಲ. ಕೈಯಲ್ಲೇ ಹಿಡಿದು, ಮೂತಿ ನೆಲದ ಕಡೆ ತಗ್ಗಿಸಿ ಕಾಯಬೇಕು.

ಗೆಳೆಯ 1.90ಕ್ಕೆ ಮುಗಿಸಿ ಟೈಮರನ್ನು ನನ್ನ ಮುಖಕ್ಕೇ ಹಿಡಿದ. ಕಾಗದದಲ್ಲಿ ಮೂರೇ ತೂತು. ಮೀಟಿಂಗ್‌ನಲ್ಲೂ ಅವನದು ಹೀಗೇ. ಎಲ್ಲರಿಗಿಂತ ಮೊದಲು ಮಾತಾಡಿ ಮುಗಿಸುತ್ತಾನೆ, ತಾಗಿತೋ ಇಲ್ಲವೋ ನೋಡುವುದಿಲ್ಲ.

ನನ್ನದು 4.12. ಆರೂ ಕಾಗದದಲ್ಲಿದ್ದವು, ಎಲ್ಲವೂ ಕೆಳಗೆ, ಎಡಕ್ಕೆ. ಪಿಸ್ತೂಲೇ ಸರಿಯಿಲ್ಲ ಅಂದೆ. ಆಕೆ ಅದೇ ಪಿಸ್ತೂಲಿನಲ್ಲಿ ಐದು ಹೊಡೆದರು. ಐದೂ ಒಂದು ಕೋಡುಬಳೆಯ ಒಳಗೆ ಹಿಡಿಸುವಷ್ಟು ಜಾಗದಲ್ಲಿ. ಆಮೇಲೆ ನನಗೆ ಬೆನ್ನು ಹಾಕಿ ನಿಂತು ಪಿಸ್ತೂಲಿನ ಮ್ಯಾಗಜೀನ್‌ಗೆ ಗುಂಡು ತುಂಬಿಸಿ ಕೊಟ್ಟರು.

ಢಂ. ಢಂ. ಮೂರನೆಯದಕ್ಕೆ ಟಿಕ್.

ಮದ್ದಿಲ್ಲದ, ಕೆಂಪು ಪ್ಲಾಸ್ಟಿಕ್ಕಿನ ಡಮ್ಮಿ ಗುಂಡು ಸೇರಿಸಿದ್ದರು. ಸದ್ದಿಲ್ಲ, ಒದೆತ ಇಲ್ಲ. ಆದರೆ ಪಿಸ್ತೂಲಿನ ಮೂತಿ ಗಕ್ಕನೆ ಎರಡಿಂಚು ಕುಸಿಯಿತು, ಕೋಲು ಕಂಡ ಕರು ತಲೆ ತಗ್ಗಿಸಿದ ಹಾಗೆ. ಹಿಡಿದಿದ್ದವನು ನಾನೇ, ಇನ್ಯಾರ ಮೇಲೆ ಹಾಕಲಿ?

"ಏನೂ ಆಗಲಿಲ್ಲ ಹನಿ," ಅಂದರು ಆಕೆ. "ನೀನು ಮಾತ್ರ ಆಗಲೇ ಪೆಟ್ಟು ತಿಂದಾಯ್ತು."

ಆಡಿಕೊಳ್ಳುವ ದನಿಯಲ್ಲ. ಹವಾಮಾನ ಹೇಳಿದ ಹಾಗೆ ಹೇಳಿ ಇನ್ನೊಂದು ಮ್ಯಾಗಜೀನ್ ಕೊಟ್ಟರು. ಅದರಲ್ಲೂ ಟಿಕ್, ಅದರಲ್ಲೂ ಮೂತಿ ಕೆಳಗೆ. ಡಮ್ಮಿ ಇರಬಹುದು ಅಂತ ಗೊತ್ತಿದ್ದೂ!

ಮನೆಗೆ ಬರುವಾಗ ದಾರಿಯಲ್ಲೆಲ್ಲ ಆ ಮೂತಿಯೇ ಕಣ್ಣ ಮುಂದೆ. ಎಚ್‌ಆರ್‌ನವರು 'ಐದು ನಿಮಿಷ ಸಿಗ್ತೀರಾ' ಅಂತ ಮೆಸೇಜ್ ಮಾಡಿದಾಗೆಲ್ಲ ಹದಿಮೂರು ವರ್ಷ ನನಗೆ ಆಗಿದ್ದು ಇದೇ ಅಲ್ವಾ? ಕೆಲಸ ಹೋದರೆ ಇನ್ನೊಂದು ಹುಡುಕಲು 60 ದಿನ, ಇಲ್ಲದಿದ್ದರೆ ದೇಶ ಬಿಡಬೇಕು ಅಂತ ಲೆಕ್ಕ ಹಾಕಿ, ಮಗಳ ಶಾಲೆ, ಕಾರಿನ ಸಾಲ ಎಲ್ಲ ಒಂದು ಸುತ್ತು ಬಂದ ಮೇಲೆ ಫೋನ್ ಎತ್ತುತ್ತಿದ್ದೆ. ಬಹಳ ಸಲ ಕೇಳಿದ್ದು ಯಾವುದೋ ಫಾರ್ಮಿನ ಸಹಿ. ಕಾರ್ಡ್ ಬಂದು ವರ್ಷವಾದರೂ ಕೈ ಇನ್ನೂ ಕಲಿತದ್ದನ್ನು ಬಿಟ್ಟಿಲ್ಲ. ಅಮ್ಮ ಹೋದ ಸುದ್ದಿ ಬಂದದ್ದು ಇಲ್ಲಿಯ ರಾತ್ರಿ ಮೂರಕ್ಕೆ. ಅವತ್ತಿನಿಂದ ರಾತ್ರಿಯ ಫೋನ್ ಅಂದರೆ ಕೇಳುವುದೇ ಬೇಡ.

ಮೊನ್ನೆ ಬುಧವಾರ ರಾತ್ರಿ ಎರಡಕ್ಕೆ ಫೋನ್ ಬಂತು. ಅಪ್ಪಯ್ಯನ ಹೆಸರು. ಎದೆ ಧಸಕ್ಕೆಂದಿತು.

"ಅಲ್ಲಿ ರಾತ್ರಿಯೇನಾ? ಮರ್ತೇ ಹೋಯ್ತು ಮಾರಾಯ," ಅಂದರು. ಚುನಾವಣೆ ಅಂತ ಕೋವಿಯನ್ನು ಠಾಣೆಗೆ ಕೊಟ್ಟು ಬಂದಿದ್ದರಂತೆ. ಅದಕ್ಕೇ ಸರಿಯಾಗಿ ಮಂಗಗಳ ಹಿಂಡು ಬಾಳೆಗೆ ಬಿದ್ದಿದೆ.

"ಮತ್ತೆ ಹ್ಯಾಗೆ ಓಡಿಸ್ತೀರಿ?"

"ಎಂತ ಓಡ್ಸೋದು? ದೋಟಿ ಕೋಲನ್ನ ಕೋವಿ ಹಂಗೆ ಭುಜಕ್ಕೆ ಹಿಡೀತೀನಿ ಅಷ್ಟೆ. ಈಡು ಬೇಡ, ಎಂತದೂ ಬೇಡ. ಅವೇ ಬಿದ್ದು ಓಡ್ತಾವೆ."