ಎಷ್ಟು ಪಟ್ಟು ಕಾಣ್ತದ್ಲಾ?

ಮಂಡ್ಯದಿಂದ ಬಂದ ನಮ್ಮ ಸೋದರಮಾವ ತಾರಸಿ ಹತ್ತಿ, ಉಸಿರು ಬಿಟ್ಟು, ಮೊದಲು ಕೇಳಿದ್ದೇ ಇದು: "ಇದ್ರಲ್ಲಿ ಎಷ್ಟು ಪಟ್ಟು ಕಾಣ್ತದ್ಲಾ?"

ಅವರನ್ನು ಆಡಿಕೊಳ್ಳುವ ಹಾಗಿಲ್ಲ. ಟೆಲಿಸ್ಕೋಪ್ ತಗೊಂಡಾಗ ನನಗೂ ಅದೇ ಹುಚ್ಚು. ನನ್ನದು ಆರು ಇಂಚಿನ ಸೆಕೆಂಡ್ ಹ್ಯಾಂಡ್ ಡಾಬ್ಸೋನಿಯನ್, ಅಂದರೆ ಆರಿಂಚು ಅಗಲದ ಕನ್ನಡಿಯಿಂದ ಬೆಳಕು ಹಿಡಿಯುವ, ಕೈಯಲ್ಲೇ ತಿರುಗಿಸುವ ಟೆಲಿಸ್ಕೋಪ್. ಅದರ ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗಕ್ಕಿರುವ ದೂರ, 1200 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಕಡೆ ಬದಲಾಯಿಸಿ ಹಾಕುವ ಪುಟ್ಟ ಮಸೂರದ ಕೊಳವೆ, ಅದರ ಮೇಲೆ ಬರೆದಿರುವ ಸಂಖ್ಯೆಯಿಂದ ಇದನ್ನು ಭಾಗಿಸಿದರೆ ಎಷ್ಟು ಪಟ್ಟು ಅಂತ ಗೊತ್ತಾಗುತ್ತದೆ. 25 ಮಿ.ಮೀ. ಐಪೀಸಿಗೆ 48 ಪಟ್ಟು, 10ಕ್ಕೆ 120. ಹಾಗಾದರೆ 4 ಹಾಕಿದರೆ 300! ಆಸೆ ತಡೆಯಲಾಗದೆ ಒಂದು ತರಿಸಿಯೇಬಿಟ್ಟೆ.

ಅವತ್ತು ರಾತ್ರಿ ಗುರುಗ್ರಹದ ಕಡೆ ತಿರುಗಿಸಿದರೆ, ಗುರು ಸಿಗುವುದೇ ಕಷ್ಟವಾಯಿತು. ಸಿಕ್ಕಾಗಲೂ ಸಾಂಬಾರಲ್ಲಿ ನೆನೆದ ಇಡ್ಲಿ ಥರ ಅಂಚೇ ಇಲ್ಲದೆ ಅಲುಗುತ್ತಿತ್ತು. ಹಗಲೆಲ್ಲ ಕಾದ ತಾರಸಿಯಿಂದ ರಾತ್ರಿ ಬಿಸಿಗಾಳಿ ಏಳುತ್ತದಲ್ಲ, ಆ ನಡುಕವೂ 300 ಪಟ್ಟು ದೊಡ್ಡದಾಗಿ ಕಾಣುತ್ತದೆ. ಬೆಳಕಂತೂ ಕನ್ನಡಿ ಹಿಡಿದಷ್ಟೇ. ಅದನ್ನೇ ಹಿಗ್ಗಿಸಿದರೆ ಮಂಕಾಗದೆ ಇರುತ್ತಾ? ನಾಲ್ಕು ಜನರ ಮಜ್ಜಿಗೆಗೆ ನೀರು ಬೆರೆಸಿ ನಲವತ್ತು ಜನಕ್ಕೆ ಬಡಿಸಿದ ಹಾಗೆ.

ಫೋಕಸ್ ತಿರುಗಿಸುವಷ್ಟರಲ್ಲಿ ಗುರು ಅಂಚು ದಾಟಿ ಹೋಗಿತ್ತು. ಅದೇ ನನ್ನ ತಲೆಯಲ್ಲಿ ಕೊರೆಯತೊಡಗಿತು.

ನನ್ನ ಐಪೀಸುಗಳಲ್ಲಿ ಕಣ್ಣಿಟ್ಟರೆ ಕಾಣುವ ವೃತ್ತದ ಅಗಲ ಸುಮಾರು 50 ಡಿಗ್ರಿ. ಅದನ್ನು ಎಷ್ಟು ಪಟ್ಟು ಅನ್ನುವುದರಿಂದ ಭಾಗಿಸಿದರೆ, ಆಕಾಶದಲ್ಲಿ ನಿಜವಾಗಿ ಎಷ್ಟು ಅಗಲ ಕಾಣುತ್ತಿದೆ ಅಂತ ತಿಳಿಯುತ್ತದೆ. 48 ಪಟ್ಟಿಗೆ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಡಬಹುದು. 120ಕ್ಕೆ ಒಬ್ಬ ಚಂದ್ರನೂ ಪೂರ್ತಿ ಹಿಡಿಸುವುದಿಲ್ಲ. 300ಕ್ಕೆ ಚಂದ್ರನ ಮೂರನೇ ಒಂದು ಭಾಗ, ಅಷ್ಟೇ. ಜಂಬೂಸವಾರಿಯನ್ನು ಜನರ ಸಂದಿಯಲ್ಲಿ ನೋಡಿದವರಿಗೆ ಇದು ಗೊತ್ತು. ಆನೆಯ ಕಿವಿ ಚೆನ್ನಾಗಿ ಕಾಣುತ್ತೆ, ಅಂಬಾರಿ ಎಲ್ಲಿ ಹೋಯಿತೋ!

ಪುಸ್ತಕದ ಲೆಕ್ಕ ನಂಬದೆ ಅಳೆದೂ ನೋಡಿದೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ಕಡೆಯದು ಮಿಂಟಾಕ ನಕ್ಷತ್ರ. ಅದು ಆಕಾಶದ ಸಮಭಾಜಕ ವೃತ್ತದ (ಭೂಮಿಯ ಸಮಭಾಜಕಕ್ಕೆ ನೇರ ಮೇಲಿರುವ ಗೆರೆ) ಹತ್ತಿರವೇ ಇದೆ, ಹಾಗಾಗಿ ಭೂಮಿ ತಿರುಗುವುದರಿಂದ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಟೆಲಿಸ್ಕೋಪ್ ಮುಟ್ಟದೆ, 25ರ ಐಪೀಸಿನ ನಟ್ಟನಡುವೆ ಹಾಯುವ ಹಾಗೆ ಅದನ್ನು ಬಿಟ್ಟೆ. ಅಂಚಲ್ಲಿ ಕಂಡಾಗ "ಅಮ್ಮಾ, ಶುರು" ಅಂದೆ. ಶಾಲು ಹೊದ್ದು ಕೂತಿದ್ದ ಅಮ್ಮ ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿದರು. ಇನ್ನೊಂದು ಅಂಚಲ್ಲಿ ಮರೆಯಾದಾಗ 4 ನಿಮಿಷ 6 ಸೆಕೆಂಡ್. ಒಂದು ಡಿಗ್ರಿಗೆ ತುಸು ಜಾಸ್ತಿ. ಅದೇ ಲೆಕ್ಕದಲ್ಲಿ 4 ಮಿ.ಮೀ. ಐಪೀಸಿಗೆ ಬರೀ 40 ಸೆಕೆಂಡ್!

ಮಾವನಿಗೆ ನಾನು ತೋರಿಸಿದ್ದು 25ರಲ್ಲೇ. ಗುರು, ಪಕ್ಕದಲ್ಲಿ ಸಾಲಾಗಿ ನಾಲ್ಕು ಉಪಗ್ರಹ.

"ಇಷ್ಟೇಯಾ? ಕಡ್ಲೆಕಾಳಿದ್ದಂಗದೆ."

"ಬರಿಗಣ್ಣಿಗೆ ಚಂದ್ರ ಎಷ್ಟು ದೊಡ್ಡದು ಕಾಣುತ್ತೋ ಅಷ್ಟಿದೆ ಮಾವ."

ನಂಬಲಿಲ್ಲ. ತಲೆ ಎತ್ತಿ ಚಂದ್ರನನ್ನು ನೋಡಿದರು, ಬಗ್ಗಿ ಗುರುವನ್ನು ನೋಡಿದರು. ಹೀಗೇ ಮೂರು ಸಲ. ಸುತ್ತ ಅಷ್ಟೊಂದು ಕಪ್ಪು ಜಾಗ ಇದ್ದರೆ ಯಾವುದೂ ಚಿಕ್ಕದೇ ಅನ್ನಿಸುತ್ತದೆ, ಅಲ್ವಾ.

ಆಮೇಲೆ ಕೃತ್ತಿಕೆ, ಒತ್ತೊತ್ತಾಗಿರುವ ನಕ್ಷತ್ರಗಳ ಗುಂಪು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ, 25ರಲ್ಲಿ ಕೃತ್ತಿಕೆ ತೋರಿಸದೆ ಯಾರನ್ನೂ ಕೆಳಗೆ ಕಳಿಸುವುದಿಲ್ಲ. ಅದೂ ಪೂರ್ತಿ ಹಿಡಿಸುವುದಿಲ್ಲ, ಅಂಚಿಗೆ ಒತ್ತಿಕೊಂಡಿರುತ್ತದೆ. 32 ಮಿ.ಮೀ. ಒಂದು ಬೇಕು, ದುಡ್ಡು ಕೂಡಿಸುತ್ತಿದ್ದೇನೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಸರಿ, ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಅಮ್ಮ ಹೇಳಿಬಿಟ್ಟರು, ಮುನ್ನೂರು ಪಟ್ಟಿನದೂ ಒಂದು ಒಳಗಿದೆ ಅಂತ.

"ಅದ್ಯಾಕ್ಲಾ ಬಚ್ಚಿಟ್ಟಿದ್ದೀಯ? ಹಾಕ್ಲಾ!"

ತಂದು ಹಾಕಿದೆ. ಗುರುವನ್ನು ಕಷ್ಟಪಟ್ಟು ಹುಡುಕಿ ಪಕ್ಕಕ್ಕೆ ಸರಿದೆ. ಮಾವ ಜೇಬಿಂದ ಕನ್ನಡಕ ತೆಗೆದರು, ಪಂಚೆ ಅಂಚಲ್ಲಿ ಒರೆಸಿದರು, ಹಾಕಿಕೊಂಡರು, ಬಗ್ಗಿದರು.

"ಎಲ್ಲಿ, ಏನೂ ಇಲ್ವಲ್ಲೋ?"