ಬೆಸುಗೆ ಹಾಕದೆ ಮಾಡೆಲ್ ರೈಲಿನ ಹಳಿಗೆ ವಿದ್ಯುತ್ ಜೋಡಿಸುವುದು

ಕೊಡಗಿನಲ್ಲಿ ಇಂದಿಗೂ ರೈಲು ಮಾರ್ಗವಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಬರಬೇಕಾದ ಹಳಿಯ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಅದು ಬರುವವರೆಗೆ ನಮ್ಮ ಪಾಲಿಗೆ ಇರುವುದು ಪ್ಲೈವುಡ್ ಹಲಗೆಯ ಮೇಲಿನ, 16.5 ಮಿ.ಮೀ. ಅಂತರದ ಎಚ್‌ಒ ಅಳತೆಯ ಮಾಡೆಲ್ ರೈಲಿನ ಹಳಿ ಮಾತ್ರ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಮೊದಲು ಹೆದರುವುದು ಸೋಲ್ಡರಿಂಗ್‌ಗೆ. ಆ ಹೆದರಿಕೆಗೆ ಅರ್ಥವಿದೆ. ಹಳಿಯನ್ನು ಹಿಡಿದಿರುವ ಸ್ಲೀಪರ್‌ಗಳು ಪ್ಲಾಸ್ಟಿಕ್ಕಿನವು, ಬಿಸಿ ಒಂದೆರಡು ಕ್ಷಣ ಹೆಚ್ಚಾದರೂ ಕರಗಿ ಹಳಿಯ ಅಂತರವೇ ಕೆಡುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯೊಳಗೆ ಫ್ಲಕ್ಸ್ ಹೊಗೆ ಕುಡಿಯುತ್ತ ಕೂರುವುದು ಯಾರಿಗೂ ಹಿತವಲ್ಲ. ಬೆಸುಗೆಯ ಕಬ್ಬಿಣ ಕಾಯುವಷ್ಟರಲ್ಲಿ ಕರೆಂಟ್ ಹೋಗುವುದಂತೂ ಇಲ್ಲಿ ಮಾಮೂಲು. ಬಾಡಿಗೆ ಮನೆಯಲ್ಲಿದ್ದು, ಹಳಿಯನ್ನು ಆಗಾಗ ಬಿಚ್ಚಿ ಬೇರೆ ರೀತಿ ಜೋಡಿಸುವವರಿಗೆ ಬೆಸುಗೆ ಅನುಕೂಲವೂ ಅಲ್ಲ.

ಚೆನ್ನಾಗಿ ಹಾಕಿದ ಬೆಸುಗೆಗಿಂತ ಭದ್ರವಾದ ಜೋಡಣೆ ಹಳಿಯ ಮೇಲೆ ಇನ್ನೊಂದಿಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಸುಗೆ ಇಲ್ಲ ಎಂದ ಮಾತ್ರಕ್ಕೆ ಜೋಡಣೆ ದುರ್ಬಲವಾಗಬೇಕಿಲ್ಲ. ವಿಮಾನಗಳ ವೈರಿಂಗ್‌ನಲ್ಲಿ ಸಹ ಬಹುಪಾಲು ತುದಿಗಳನ್ನು ಕ್ರಿಂಪ್ ಮಾಡಿಯೇ, ಅಂದರೆ ಲೋಹದ ತೋಳಿನೊಳಗೆ ಬಲವಾಗಿ ಅದುಮಿಯೇ, ಕೂರಿಸುತ್ತಾರೆ. ಎರಡು ಲೋಹಗಳು ನಡುವೆ ಗಾಳಿಯೂ ತೇವವೂ ನುಸುಳದಷ್ಟು ಬಲವಾಗಿ ಒತ್ತಿಕೊಂಡಿರಬೇಕು, ಆ ಒತ್ತಡ ವರ್ಷಗಟ್ಟಲೆ ಉಳಿಯಬೇಕು, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಸಡಿಲವಾಗಿ ಸುತ್ತಿದ ತಾಮ್ರದ ತಂತಿ, ಮೈಲುತುತ್ತ ಹೊಡೆದ ಕಾಫಿ ಎಲೆಯಂತೆ ಹಸಿರು ನೀಲಿಗೆ ತಿರುಗುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ನೆಚ್ಚಿಕೊಳ್ಳುವುದು ಎರಡು ಹಳಿಗಳ ತುದಿಯನ್ನು ಕೂಡಿಸುವ ಜಾಯ್ನರ್ ಎಂಬ ಪುಟ್ಟ ಲೋಹದ ಪಟ್ಟಿಯನ್ನು. ಒಂದು ಕಡೆ ವಿದ್ಯುತ್ ಕೊಟ್ಟರೆ ಜಾಯ್ನರ್‌ಗಳ ಮೂಲಕ ಅದು ಇಡೀ ಸುತ್ತಿಗೆ ಹರಿಯುತ್ತದೆ ಎಂಬುದು ಲೆಕ್ಕಾಚಾರ. ಹೊಸದರಲ್ಲಿ ಹರಿಯುತ್ತದೆ, ನಿಜ. ಆದರೆ ಜಾಯ್ನರ್ ಇರುವುದು ಹಳಿಗಳನ್ನು ನೇರವಾಗಿ ಹಿಡಿಯಲು. ಪ್ರತಿ ಸಲ ಬಿಚ್ಚಿ ಸೇರಿಸಿದಾಗಲೂ ಅದರ ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಜಾಗದಲ್ಲಿ 2 ಓಮ್ ಪ್ರತಿರೋಧ ಹುಟ್ಟಿಕೊಂಡು, ಎಂಜಿನ್ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಇಂಥ ನಾಲ್ಕು ಜಾಗಗಳಿದ್ದರೆ 12 ವೋಲ್ಟಿನ ರೈಲು ದೂರದ ತಿರುವಿನಲ್ಲಿ ಏದುಸಿರು ಬಿಡುವುದರಲ್ಲಿ ಆಶ್ಚರ್ಯವಿಲ್ಲ. ಹಳಿಯ ಲೋಹವಾದ ನಿಕಲ್ ಸಿಲ್ವರ್ ಕೂಡ ಇಲ್ಲಿ ಹೆಚ್ಚು ನೆರವಾಗದು. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ. ಅದರ ವಿದ್ಯುತ್ ವಾಹಕತೆ ತಾಮ್ರದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ದೊಡ್ಡ ರೈಲ್ವೆಯೂ ಈ ವಿಷಯದಲ್ಲಿ ಹಳಿಗಳನ್ನು ಕೂಡಿಸುವ ಫಿಶ್‌ಪ್ಲೇಟನ್ನು ನಂಬಲಿಲ್ಲ. ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಹಳಿಯಲ್ಲೇ ವಿದ್ಯುತ್ ಹರಿಸಿ ರೈಲು ಇರುವುದನ್ನು ಪತ್ತೆಹಚ್ಚುತ್ತದೆ. ಅದಕ್ಕಾಗಿ ಹಳಿಗಳ ಸಂದಿಯ ಎರಡೂ ಬದಿ ರಂಧ್ರ ಕೊರೆದು, ಅದರೊಳಗೆ ಪಿನ್ ಬಡಿದು ಬಾಂಡ್ ತಂತಿ ಬಿಗಿಯುವ ಪದ್ಧತಿ ಬಂತು. ಅಲ್ಲಿಯೂ ಬೆಸುಗೆಯಿಲ್ಲ, ಬರೀ ಬಿಗಿತ.

ಹಾಗಾಗಿ ಜಾಯ್ನರನ್ನು ನಂಬುವ ಬದಲು ಹಳಿಯ ಪ್ರತಿ ಒಂದೂವರೆ ಎರಡು ಮೀಟರ್‌ಗೆ ಒಂದು ಜೊತೆ ಫೀಡರ್ (ಹಳಿಗೆ ವಿದ್ಯುತ್ ತರುವ) ತಂತಿ ಕೊಡುವುದು ನನ್ನ ಕ್ರಮ. ಕಾರ್ಖಾನೆಯಲ್ಲೇ ತಂತಿ ಕೂರಿಸಿ ಮಾರುವ ಜಾಯ್ನರ್‌ಗಳನ್ನು ಪೆಕೊ, ಅಟ್ಲಾಸ್ ಮುಂತಾದ ಕಂಪನಿಗಳು ತಯಾರಿಸುತ್ತವೆ. ಬೆಸುಗೆ ಅವರೇ ಹಾಕಿರುವುದರಿಂದ ನಾವು ಹಳಿಯ ತುದಿಗೆ ತಳ್ಳಿದರೆ ಸಾಕು. ಬೆಲೆ ಜಾಸ್ತಿ, ಆದರೂ ನನ್ನ ಮೊದಲ ಆಯ್ಕೆ ಇದೇ. ಕೊಳ್ಳುವಾಗ ಹಳಿಯ ಎತ್ತರ ಗಮನಿಸಬೇಕು: ಕೋಡ್ 100 ಎಂದರೆ 2.54 ಮಿ.ಮೀ., ಕೋಡ್ 83 ಎಂದರೆ ಸುಮಾರು 2.1 ಮಿ.ಮೀ.; ಒಂದರ ಜಾಯ್ನರ್ ಇನ್ನೊಂದಕ್ಕೆ ಎಲ್ಲ ಸಲವೂ ಸರಿಯಾಗಿ ಹಿಡಿಯುವುದಿಲ್ಲ.

ಅದು ಸಿಗದಿದ್ದರೆ ತಂತಿಯನ್ನು ಜಾಯ್ನರ್ ಒಳಗೇ ಸಿಕ್ಕಿಸುವ ದಾರಿಯಿದೆ. ನೆಟ್‌ವರ್ಕ್ ಕೇಬಲ್ ಒಳಗಿನ, ಸುಮಾರು ಅರ್ಧ ಮಿ.ಮೀ. ದಪ್ಪದ ಒಂಟಿ ಎಳೆಯ ತಂತಿಯನ್ನು ಒಂದು ಸೆಂಟಿಮೀಟರ್ ಸುಲಿದು, ಬ್ಲೇಡಿನಿಂದ ಹಗುರವಾಗಿ ಕೆರೆದು ಹೊಳಪು ಬರಿಸಿ, ಜಾಯ್ನರ್ ತಳದಲ್ಲಿ ಉದ್ದಕ್ಕೆ ಮಲಗಿಸಿ, ಮೇಲಿನಿಂದ ಹಳಿಯ ಪಾದವನ್ನು ಇಕ್ಕಳದಿಂದ ನೇರವಾಗಿ ತಳ್ಳಬೇಕು. ಕಷ್ಟಪಟ್ಟು ಒಳಗೆ ಹೋದರೆ ಒಳ್ಳೆಯ ಲಕ್ಷಣ. ಸಲೀಸಾಗಿ ಜಾರಿದರೆ ಆ ಜಾಯ್ನರನ್ನು ಎಸೆದು ಹೊಸದನ್ನು ತೆಗೆದುಕೊಳ್ಳುವುದೇ ಮೇಲು. ಕೆಲವರು ವಾಹಕ ಅಂಟನ್ನು ಹಚ್ಚುತ್ತಾರೆ. ಹಳಿ ಕೊಂಚ ಅಲುಗಿದರೂ ಅದು ಬಿರುಕು ಬಿಡುವುದರಿಂದ ನನಗೆ ಅದರಲ್ಲಿ ನಂಬಿಕೆಯಿಲ್ಲ.

ಕ್ಯಾಟೊ ಯೂನಿಟ್ರ್ಯಾಕ್‌ನಂಥ ತಳ ಸಮೇತದ ಹಳಿ ಇರುವವರಿಗೆ ಈ ತಲೆನೋವೇ ಇಲ್ಲ, ಪ್ಲಗ್ ಸಿಕ್ಕಿಸುವ ಫೀಡರ್ ತುಂಡುಗಳು ಸಿಗುತ್ತವೆ. ಮಾರ್ಕ್ಲಿನ್ ಸಿ ಹಳಿಯ ಅಡಿಯಲ್ಲಿ ಲೋಹದ ನಾಲಿಗೆಗಳಿದ್ದು, ಕ್ರಿಂಪ್ ಮಾಡಿದ ಲಗ್ ಅಲ್ಲೇ ಕೂರುತ್ತದೆ. ಹಾರ್ನ್‌ಬಿಯ ಸ್ಪ್ರಿಂಗ್ ಕ್ಲಿಪ್ ಬಳಸುವವರು ಒಂದು ವಿಷಯ ತಿಳಿದಿರಬೇಕು: ಅನಲಾಗ್ ಕ್ಲಿಪ್‌ನೊಳಗೆ ರೇಡಿಯೊ ಅಡಚಣೆ ತಡೆಯುವ ಕೆಪಾಸಿಟರ್ ಇರುತ್ತದೆ, ಅದು ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಸಂಕೇತವನ್ನು ಕೆಡಿಸುತ್ತದೆ. ಡಿಸಿಸಿಗೆ ಬೇರೆಯೇ ಕ್ಲಿಪ್ ಇದೆ.

ಹಲಗೆಯ ಅಡಿಯ ಕೆಲಸಕ್ಕೆ ಬೇಕಾದದ್ದೆಲ್ಲ ಮಡಿಕೇರಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಮನೆ ವೈರಿಂಗ್‌ನ 1.5 ಚದರ ಮಿ.ಮೀ. ತಂತಿ ಕೆಂಪು ಒಂದು, ಕಪ್ಪು ಒಂದು, ಹಳಿಯ ಜೊತೆಜೊತೆಗೇ ಓಡಲಿ, ಇದೇ ಬಸ್, ಅಂದರೆ ಮುಖ್ಯ ತಂತಿ. ಕೆಂಪು ಯಾವಾಗಲೂ ಒಂದೇ ಬದಿಯ ಹಳಿಗೆ ಹೋಗಬೇಕು, ಇಲ್ಲದಿದ್ದರೆ ನೇರ ಶಾರ್ಟ್. ಬಸ್ಸಿಗೆ ಫೀಡರ್ ಸೇರಿಸಲು ವಾಗೊ ಮಾದರಿಯ ಲಿವರ್ ಕನೆಕ್ಟರ್ ಅತ್ಯುತ್ತಮ, ಏಕೆಂದರೆ ಅದರ ಸ್ಪ್ರಿಂಗ್ ಒತ್ತಡ ಸಡಿಲಾಗುವುದಿಲ್ಲ. ಬಿಳಿ ಪ್ಲಾಸ್ಟಿಕ್ಕಿನ ಸ್ಕ್ರೂ ಕನೆಕ್ಟರ್ ಪಟ್ಟಿ ಅಗ್ಗ, ಕೆಲಸಕ್ಕೂ ಅಡ್ಡಿಯಿಲ್ಲ. ಆದರೆ ತೆಳು ತಂತಿಯನ್ನು ಮಡಚಿ ಎರಡು ಪದರ ಮಾಡಿ ತೂರಿಸಬೇಕು, ಮಳೆಗಾಲ ಮುಗಿದ ಮೇಲೆ ಪ್ರತಿ ಸ್ಕ್ರೂವನ್ನೂ ಒಮ್ಮೆ ಬಿಗಿ ಮಾಡಬೇಕು. ತಂತಿಯ ಹೊದಿಕೆಯನ್ನು ಕಚ್ಚಿ ಹಿಡಿಯುವ ಸೂಟ್‌ಕೇಸ್ ಕನೆಕ್ಟರ್‌ಗಳು ತಮಗೆ ಗೊತ್ತುಪಡಿಸಿದ ದಪ್ಪದ ತಂತಿಗೆ ಮಾತ್ರ ಸರಿ.

ತೋಟದಲ್ಲಿ, ಮಳೆಯಲ್ಲೇ ಓಡಿಸುವ 45 ಮಿ.ಮೀ. ಅಂತರದ ಜಿ ಸ್ಕೇಲ್ ಹಳಿಯವರು ಹಿತ್ತಾಳೆ ಹಳಿಗಳನ್ನು ಸ್ಕ್ರೂ ಇರುವ ಕ್ಲಾಂಪ್‌ನಿಂದ ಬಿಗಿಯುವುದು ರೂಢಿ. ಎಚ್‌ಒ ಹಳಿಯ ತಲೆಗೂ ಪಾದಕ್ಕೂ ನಡುವಿನ ಭಾಗ ಸ್ಕ್ರೂ ತಡೆಯದಷ್ಟು ಸಣ್ಣದು, ಅದನ್ನು ಇಲ್ಲಿ ಅನುಕರಿಸಲು ಹೋಗಬಾರದು.

ಜಲ್ಲಿ ಅಂಟಿಸುವ ಮುನ್ನ ಪರೀಕ್ಷೆ ಆಗಲೇಬೇಕು. ನೀರು ಬೆರೆಸಿದ ಅಂಟು ಜಾಯ್ನರ್ ಒಳಗೆ ಇಳಿದು ಒಣಗಿದ ಮೇಲೆ ದುರಸ್ತಿ ಎಂದರೆ ಕಿತ್ತು ಹಾಕುವುದೇ. ಸಾಮಾನ್ಯ ಡಿಸಿ ಇದ್ದರೆ ರೈಲು ಓಡುತ್ತಿರುವಾಗ ಮಲ್ಟಿಮೀಟರಿನಿಂದ ಸುತ್ತಿನ ಬೇರೆ ಬೇರೆ ಕಡೆ ವೋಲ್ಟೇಜ್ ನೋಡಿ, ಕಡಿಮೆ ಬಿದ್ದ ಕಡೆ ಇನ್ನೊಂದು ಫೀಡರ್ ಕೊಡಬೇಕು. ಡಿಸಿಸಿ ಇದ್ದರೆ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಕ್ಷಣಕಾಲ ಇಟ್ಟಾಗ ಬೂಸ್ಟರ್ (ಹಳಿಗೆ ಡಿಸಿಸಿ ವಿದ್ಯುತ್ ಕೊಡುವ ಸಾಧನ) ತಕ್ಷಣ ಕಡಿತಗೊಳ್ಳಬೇಕು. ಕಡಿತಗೊಳ್ಳದಿದ್ದರೆ ಕೂಡಲೇ ನಾಣ್ಯ ತೆಗೆದು, ಆ ತುಂಡಿನ ಜೋಡಣೆಯನ್ನು ಬಿಚ್ಚಿ ಮತ್ತೆ ಬಿಗಿಯಬೇಕು. ಹಾಗೇ ಬಿಟ್ಟರೆ ಮುಂದೊಂದು ದಿನ ಬೋಗಿ ಹಳಿತಪ್ಪಿ ಶಾರ್ಟ್ ಆದಾಗ, ಬೂಸ್ಟರ್ ಸುಮ್ಮನಿದ್ದು ಸ್ಲೀಪರ್ ಕರಗುತ್ತದೆ.