ಸಕ್ಕರೆ ಇಡೋದಿಲ್ಲವಂತೆ

ಇವತ್ತು ಇಂದಿರಾನಗರದ ಒಂದು ಕಾಫಿ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ತಪ್ಪು ನನ್ನದೇ.

ಹುಡುಗ 15 ಗ್ರಾಂ ಪುಡಿ ತೂಗಿದ. ಕೊಕ್ಕರೆ ಕತ್ತಿನಂಥ ಮೂತಿಯ ಕೆಟಲ್‌ನಿಂದ ಸುತ್ತಲೂ ಒಂಚೂರು ಬಿಸಿನೀರು ಬಿಟ್ಟ. ಪುಡಿ ಉಬ್ಬಿ ಗುಳ್ಳೆ ಎದ್ದಿತು. ಅವನು ಸುಮ್ನೆ ಟೈಮರ್ ನೋಡುತ್ತಾ ನಿಂತ.

"ಪುಡಿ ಹಳೇದಾ?" ಅಪ್ಪ ನನ್ನ ಕಿವಿಯಲ್ಲಿ ಕೇಳಿದರು.

ಅವನಿಗೂ ಕೇಳಿಸಿತು. "ಹೊಸದಾಗಿ ಹುರಿದಿದ್ದಕ್ಕೇ ಉಬ್ಬೋದು ಸರ್, ಒಳಗಿನ ಗ್ಯಾಸ್ ಹೊರಗೆ ಬರುತ್ತೆ."

ಅಪ್ಪ ಸಕ್ಕರೆ ಕೇಳಿದರು. ಇಡೋದಿಲ್ಲವಂತೆ. ಹಾಲು? ಅದೂ ಇಲ್ಲ. "ಹಾಗೇ ಕುಡಿದು ನೋಡಿ ಸರ್, ಕಿತ್ತಳೆ ರುಚಿ ಸಿಗುತ್ತೆ."

"ಕಿತ್ತಳೆ ಬೇಕಾದ್ರೆ ಹಣ್ಣೇ ತಿನ್ನಬಹುದಲ್ವಾ?"

ಪ್ಯಾಕೆಟ್ ಮೇಲೆ ಚಿಕ್ಕಮಗಳೂರು ಅರೇಬಿಕಾ ಅಂತ ಇತ್ತು. ಮನೆ ಡಬ್ಬಿಯಲ್ಲಿರುವುದೂ ಅದೇ, ಜೊತೆಗೆ ಚಿಕೋರಿ ಅಷ್ಟೇ.

ಹುಡುಗನಿಗೆ ಜಂಬ ಜಾಸ್ತಿ ಅನ್ನಿಸಿತು. ಆಮೇಲೆ ಅಜ್ಜಿ ನೆನಪಾದಳು. ಅವಳ ಫಿಲ್ಟರ್ ಯಾರೂ ಮುಟ್ಟುವಂತಿರಲಿಲ್ಲ. ನೆಂಟರಿಗೆ ಎರಡನೇ ಡಿಕಾಕ್ಷನ್ ಕೊಟ್ಟರೆ ಮನೆ ಮಾನ ಹೋಯಿತು ಅನ್ನೋಳು. ಹಠ ಒಂದೇ, ಲೋಟ ಬೇರೆ.

ಹೊರಗೆ ಬಂದು ದರ್ಶಿನಿಯಲ್ಲಿ ಬೈಟೂ ಹೇಳಿದೆವು. ಅಪ್ಪ ಎರಡು ಗುಟುಕು ಕುಡಿದು ಕೇಳಿದರು, "ಆ ಹುಡುಗ ಎಷ್ಟು ಗ್ರಾಂ ಹಾಕಿದ್ದ?"